ಬಂದರು ನಾಲ್ಕು ದಿನ ಬಂದ್, ನಮ್ಮ ಅಕ್ಕಿ ಮೂರು ವಾರ ಅಲ್ಲೇ: ಇದೇನ್ ಲೆಕ್ಕ?

ಸೋನಾಮಸೂರಿ_ಗಂಗಾವತಿ

ನವೆಂಬರ್ ಬಂತಂದ್ರ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಮುಂಗಾರಿ ಭತ್ತ ಮಿಲ್ಲಿಗೆ ಬೀಳಾಕ ಶುರು. ಬಂಗಾಳ ಕೊಲ್ಲಿಯೊಳಗ ಚಂಡಮಾರುತ ಏಳೋದೂ ಅದ ಹೊತ್ತಿಗೆ. ಚೆನ್ನೈ ಬಂದರು ನಾಲ್ಕು ದಿನ ಮುಚ್ಚಿತು ಅಂದ್ರ ಇಲ್ಲಿಂದ ಹೋದ ಕಂಟೇನರ್ ಮೂರು ವಾರ ಅಲ್ಲೇ ಕುಂತಿರ್ತಾವ. ಕೇಳಿದ್ರ "ನಾಳೆ ಆಗ್ತೈತಿ" ಅನ್ನೋ ಉತ್ತರ ಬಿಟ್ರ ಬ್ಯಾರೆ ಸಿಗಲ್ಲ.

ತಿಳಿದವರು ಬಿಡಿಸಿ ಹೇಳ್ರಿ. ನಾಲ್ಕು ದಿನ ಮೂರು ವಾರ ಹೆಂಗ ಆಗ್ತೈತಿ? ಮುಚ್ಚಿದಾಗ ಬಂದರಿನೊಳಗ ಏನು ನಡೀತೈತಿ? ಸುದ್ದಿ ಬಂದ ಕೂಡ್ಲೆ ಕಂಟೇನರ್ ತುಂಬಿ ಕಳಿಸಬೇಕೋ, ಗೋದಾಮಿನಾಗ ಇಟ್ಕೊಬೇಕೋ? ಬ್ಯಾರೆ ಬಂದರಿಗೆ ಹೊಳ್ಳಿಸಿದ್ರ ಲಾಭ ಐತೇನು?

ಧಕ್ಕೆ_ಲೆಕ್ಕ (ಬಳ್ಳಾರಿ)

ಮೊದಲನೇ ಪ್ರಶ್ನೆಗೆ ಉತ್ತರ ಬರೀ ಭಾಗಾಕಾರ. ಒಂದು ಟರ್ಮಿನಲ್‌ಗೆ ದಿನಕ್ಕೆ 100 ಕಂಟೇನರ್ ಬರುತ್ತವೆ, ಎಲ್ಲ ಕ್ರೇನ್ ಓಡಿಸಿದರೆ 120 ಎತ್ತಬಹುದು ಅಂತಿಟ್ಟುಕೊಳ್ಳಿ. ನಾಲ್ಕು ದಿನ ಮುಚ್ಚಿದರೆ 400 ಬಾಕಿ. ತೆರೆದ ಮೇಲೂ ದಿನಾ ಹೊಸ 100 ಬರುತ್ತಲೇ ಇರುತ್ತವೆ. ಹಳೇ ಬಾಕಿ ಕರಗಿಸೋಕೆ ಉಳಿಯೋದು ದಿನಕ್ಕೆ 20. 400ನ್ನು 20ರಿಂದ ಭಾಗಿಸಿ: 20 ದಿನ. ನಿಮ್ಮ ಮೂರು ವಾರ ಅಲ್ಲಿದೆ. ಅದೇ ಟರ್ಮಿನಲ್‌ಗೆ 150 ಎತ್ತುವ ತಾಕತ್ತಿದ್ದರೆ ಎಂಟೇ ದಿನ. 105 ಇದ್ದರೆ ಎಂಬತ್ತು ದಿನ. ಬಂದರು ಎಷ್ಟು ದೊಡ್ಡದು ಅಂತ ಕೇಳಿ ಪ್ರಯೋಜನವಿಲ್ಲ, ಮಾಮೂಲಿ ದಿನ ಅದರ ಕೈ ಎಷ್ಟು ಬಿಡುವಾಗಿರುತ್ತೆ ಅಂತ ಕೇಳಬೇಕು.

ಇದು ಕಾಗದದ ಮೇಲಿನ ಲೆಕ್ಕ. ನಿಜದಲ್ಲಿ ಇನ್ನೂ ಎರಡು ಕಾರಣಕ್ಕೆ ಹದಗೆಡುತ್ತೆ. ಒಂದು, ಅಂಗಳ. ಕಂಟೇನರ್‌ಗಳನ್ನ ನಾಲ್ಕೈದು ಎತ್ತರ ಪೇರಿಸಿರುತ್ತಾರೆ. ತಳದಲ್ಲಿರೋದು ಬೇಕು ಅಂದರೆ ಮೇಲಿನ ಮೂರು-ನಾಲ್ಕನ್ನು ಪಕ್ಕಕ್ಕೆ ಇಳಿಸಬೇಕು. ಇಳಿಸೋಕೆ ಪಕ್ಕದಲ್ಲಿ ಜಾಗ ಬೇಕು. ಅಂಗಳ ಮುಕ್ಕಾಲು ಭಾಗ ದಾಟಿ ತುಂಬಿತು ಅಂದರೆ ಕ್ರೇನ್ ದಿನವಿಡೀ ದುಡಿದರೂ ಅರ್ಧ ಕೆಲಸ ಬರೀ ಆಚೆ-ಈಚೆ ಮಾಡೋದೇ ಆಗುತ್ತೆ. ಅಂದರೆ ನಿಮಗೆ 120 ಬೇಕಾದ ಹೊತ್ತಿಗೇ ಅದು 90ಕ್ಕೆ ಇಳಿದಿರುತ್ತೆ, ಬಾಕಿ ಕರಗೋ ಬದಲು ಬೆಳೆಯುತ್ತೆ. ಎರಡು, ಹಡಗುಗಳು. ಸೋಮವಾರ ಒಂದು, ಬುಧವಾರ ಒಂದು, ಶುಕ್ರವಾರ ಒಂದು ಬರಬೇಕಿದ್ದವು ಮೂರೂ ಒಟ್ಟಿಗೆ ಬಂದು ಲಂಗರು ಹಾಕಿ ನಿಲ್ಲುತ್ತವೆ. ಕಾಯೋಕಾಗದ ಹಡಗು ಆ ಬಂದರನ್ನೇ ಬಿಟ್ಟು ಮುಂದೆ ಹೋಗುತ್ತೆ. ಅದರಲ್ಲಿ ಜಾಗ ಹಿಡಿದಿದ್ದ ಸರಕು ಮುಂದಿನ ವಾರದ ಹಡಗಿಗೆ. ಆ ಹಡಗು ಮೊದಲೇ ಭರ್ತಿ.

ಸಿರುಗುಪ್ಪ_ಟ್ರೇಲರ್

ಧಕ್ಕೆ ಅಣ್ಣ, ಎಷ್ಟನೇ ನಂಬರ್ ಏರಿಸಿದ್ರೆ ಗಾಡಿ ನಿಲ್ಲಿಸಬೇಕು ಅನ್ನೋದನ್ನೂ ಬರೀರಿ. ಟಿವಿಯಾಗೆ 3ನೇ ನಂಬರ್ ಅಂತಾರೆ, 5 ಅಂತಾರೆ, ಡ್ರೈವರ್‌ಗಳು ಫೋನ್ ಮೇಲೆ ಫೋನ್.

ಧಕ್ಕೆ_ಲೆಕ್ಕ (ಬಳ್ಳಾರಿ)

ನಮ್ಮ ದೇಶದ ಬಂದರುಗಳಲ್ಲಿ 1ರಿಂದ 11ರವರೆಗೆ ಎಚ್ಚರಿಕೆ ಸಂಖ್ಯೆ ಇವೆ. 1 ಮತ್ತು 2 ದೂರದ ಸಮುದ್ರದ್ದು, ಬಂದರಿಗೆ ನೇರ ತೊಂದರೆ ಇಲ್ಲ. 3 ಅಂದರೆ ಬಂದರಿಗೇ ಬಿರುಗಾಳಿಯ ಸಂಭವ. 4 ಅಂದರೆ ಚಂಡಮಾರುತ ಆಮೇಲೆ ಈ ಬಂದರಿಗೂ ತಟ್ಟಬಹುದು. 5, 6, 7 ಅಪಾಯ. 8, 9, 10 ಮಹಾ ಅಪಾಯ. 11 ಅಂದರೆ ಹವಾಮಾನ ಕಚೇರಿಯ ಸಂಪರ್ಕವೇ ಕಡಿದಿದೆ.

ಜನ ತಪ್ಪು ತಿಳಿಯೋದು ಇಲ್ಲಿ: 5ಕ್ಕಿಂತ 6 ಜೋರು, 6ಕ್ಕಿಂತ 7 ಜೋರು ಅಂತಲ್ಲ. ಆ ಮೂರರಲ್ಲಿ ಬಿರುಸು ಒಂದೇ, ದಿಕ್ಕು ಬೇರೆ. 5 ಅಂದರೆ ಬಂದರು ಚಂಡಮಾರುತದ ಹಾದಿಯ ಎಡಕ್ಕೆ, 6 ಅಂದರೆ ಬಲಕ್ಕೆ, 7 ಅಂದರೆ ನೆತ್ತಿಯ ಮೇಲೆ ಅಥವಾ ತೀರಾ ಹತ್ತಿರ. 8, 9, 10ಕ್ಕೂ ಅದೇ ಕ್ರಮ, ಬಿರುಸು ಮಾತ್ರ ಹೆಚ್ಚು. ನಮ್ಮ ಗೋಲಾರ್ಧದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತೆ. ಪೂರ್ವ ಕರಾವಳಿಗೆ ಬಂದು ಬಡಿಯುವಾಗ ಹಾದಿಯ ಬಲಗಡೆಯ ಗಾಳಿ ಸಮುದ್ರದಿಂದ ನೆಲಕ್ಕೆ ನುಗ್ಗುತ್ತೆ, ನೀರನ್ನೂ ತಳ್ಳಿಕೊಂಡು ಬರುತ್ತೆ. ಅದಕ್ಕೇ 6 ಮತ್ತು 9ಕ್ಕೆ ಹೆಚ್ಚು ಹೆದರಬೇಕು.

ಸಾಗಣೆಯವರಿಗೆ ನನ್ನ ಸಲಹೆ: 3 ಏರಿಸಿದಾಗ ಹೊಸ ಗಾಡಿ ಹೊರಡಿಸಬೇಡಿ, 4 ಆದರೆ ದಾರಿಯಲ್ಲಿರೋದನ್ನೂ ಊರಿಂದ ಆಚೆಗೆ ನಿಲ್ಲಿಸಿ. ಇದು ನಿಯಮ ಅಲ್ಲ, ನನ್ನ ಅಂದಾಜು. ಇನ್ನೊಂದು, ಸಂಖ್ಯೆ ಹೇಳೋದು ಗಾಳಿಯ ಮಾತು. ಮಳೆ ಅದರ ಲೆಕ್ಕದಲ್ಲಿಲ್ಲ. 2023ರ ಡಿಸೆಂಬರ್‌ನ ಮಿಚಾಂಗ್ ಕರಾವಳಿಗುಂಟ ಉತ್ತರಕ್ಕೆ ಸರಿದು 5ನೇ ತಾರೀಖು ಬಾಪಟ್ಲ ಹತ್ತಿರ ನೆಲ ಮುಟ್ಟಿತು. ಚೆನ್ನೈ ಅದರ ಎಡಕ್ಕಿತ್ತು. ಆದರೂ 3 ಮತ್ತು 4ನೇ ತಾರೀಖಿನ ಮಳೆಗೆ ಊರೇ ಮುಳುಗಿತು. ಹಾಗಾದಾಗ ಧಕ್ಕೆ ಸರಿಯಿದ್ದರೂ ಲಾರಿ ಗೇಟಿಗೆ ಮುಟ್ಟೋಕಾಗಲ್ಲ.

ಒಳಗೆ ನಡೆಯೋದು ಇಷ್ಟು. ಮೊದಲು ಧಕ್ಕೆಯಲ್ಲಿರೋ ಹಡಗುಗಳನ್ನ ಸಮುದ್ರಕ್ಕೆ ಕಳಿಸುತ್ತಾರೆ. ಕೇಳೋಕೆ ವಿಚಿತ್ರ, ಆದರೆ ಕಟ್ಟಿದ ಹಡಗು ಅಲೆಗೆ ಧಕ್ಕೆಯನ್ನೇ ಗುದ್ದುತ್ತೆ, ಹಗ್ಗ ಕಡಿದರೆ ಪಕ್ಕದ ಹಡಗಿಗೋ ಕ್ರೇನಿಗೋ ಬೀಳುತ್ತೆ. ಬಯಲು ಸಮುದ್ರದಲ್ಲಿ ಎಂಜಿನ್ ಓಡಿಸಿಕೊಂಡು ಅಲೆಗೆ ಮುಖ ಕೊಟ್ಟು ನಿಲ್ಲೋದೇ ಕ್ಷೇಮ. ಆಮೇಲೆ ಧಕ್ಕೆ ಕ್ರೇನುಗಳು. ಗಾಳಿ ಸುಮಾರು ಗಂಟೆಗೆ 70 ಕಿ.ಮೀ. ಮುಟ್ಟೋ ಹೊತ್ತಿಗೆ ಕೆಲಸ ನಿಂತಿರುತ್ತೆ. ಕ್ರೇನನ್ನ ಅದಕ್ಕಂತಲೇ ಗುರುತು ಮಾಡಿದ ಜಾಗಕ್ಕೆ ಓಡಿಸಿ, ಸಮುದ್ರದ ಮೇಲೆ ಚಾಚಿದ ತೋಳು ಎತ್ತಿ ಕೊಂಡಿ ಹಾಕಿ, ನೆಲದ ಗುಂಡಿಗೆ ಉಕ್ಕಿನ ಗೂಟ ಇಳಿಸಿ, ನಾಲ್ಕೂ ಮೂಲೆಗೆ ಬಿಗಿ ಕಂಬಿ ಕಟ್ಟುತ್ತಾರೆ. ಗೂಟ ಕ್ರೇನ್ ಹಳಿ ಮೇಲೆ ಜಾರದಂತೆ ತಡೆಯುತ್ತೆ, ಕಂಬಿ ಅದು ಮಗುಚದಂತೆ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಉಪಯೋಗವಿಲ್ಲ. ತುಕ್ಕು ಹಿಡಿದು ತಿರುಗದ ಬಿಗಿ ಕಂಬಿಗಳು ಗೊತ್ತಾಗೋದು ಅವತ್ತೇ, ಅದಕ್ಕೇ ಒಳ್ಳೆ ಬಂದರಿನವರು ಸೆಪ್ಟೆಂಬರ್‌ನಲ್ಲೇ ಗ್ರೀಸ್ ಹಚ್ಚಿ ತಿರುಗಿಸಿ ನೋಡಿಡುತ್ತಾರೆ.

ಖಾಲಿ ಕಂಟೇನರ್ ಗಾಳಿಗೆ ರಟ್ಟಿನ ಡಬ್ಬ ಇದ್ದ ಹಾಗೆ. 20 ಅಡಿಯದು ಖಾಲಿಗೆ ಎರಡೂಕಾಲು ಟನ್ ಆಸುಪಾಸು. ಆರು ಎತ್ತರ ಇದ್ದದ್ದನ್ನ ಎರಡು-ಮೂರಕ್ಕೆ ಇಳಿಸಿ, ಅಂಚಿನ ಸಾಲನ್ನ ಮೆಟ್ಟಿಲಿನಂತೆ ಮಾಡಿ ಬಿಗಿಯುತ್ತಾರೆ. ಅಪಾಯದ ಸರಕನ್ನ ತಗ್ಗಿನಿಂದ ಎತ್ತರಕ್ಕೆ ಒಯ್ಯುತ್ತಾರೆ. ಕ್ಯಾಲ್ಸಿಯಂ ಕಾರ್ಬೈಡ್‌ಗೆ ನೀರು ತಾಗಿದರೆ ಅಸಿಟಿಲೀನ್ ಅನಿಲ ಏಳುತ್ತೆ, ಕಿಡಿ ಸಿಕ್ಕರೆ ಮುಗೀತು. 2025ರ ಮೇ 25ರಂದು ಕೊಚ್ಚಿ ಹತ್ತಿರ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನ 640 ಕಂಟೇನರ್‌ಗಳಲ್ಲಿ 12ರಲ್ಲಿ ಅದೇ ಇತ್ತು.

ಸೋನಾಮಸೂರಿ_ಗಂಗಾವತಿ

ಗಾಳಿ ನಿಂತ ಮರುದಿನನ ಹಡಗು ಯಾಕ ಒಳಗ ಬರಲ್ಲ?

ಧಕ್ಕೆ_ಲೆಕ್ಕ (ಬಳ್ಳಾರಿ)

ಕಾಲುವೆಯ ಆಳ ಗೊತ್ತಿಲ್ಲದೆ ಯಾವ ಪೈಲಟ್ಟೂ (ಹಡಗನ್ನ ಬಂದರಿನೊಳಗೆ ನಡೆಸಿ ತರೋವನು) ಹಡಗು ತರಲ್ಲ. ಅಲೆ ಹೂಳು ತಂದಿರುತ್ತೆ, ದಾರಿ ತೋರಿಸೋ ತೇಲುಬುರುಡೆ ಜಾಗ ಬಿಟ್ಟು ಸರಿದಿರುತ್ತೆ, ಕೆಲವು ಸಲ ಕಂಟೇನರ್ರೇ ತಳದಲ್ಲಿ ಬಿದ್ದಿರುತ್ತೆ. ಮೋಜಣಿ ದೋಣಿ ಶಬ್ದ ತರಂಗ ಬಿಟ್ಟು ಪಟ್ಟೆ ಪಟ್ಟೆಯಾಗಿ ಆಳ ಅಳೆಯುತ್ತೆ. ಅದಾದ ಮೇಲೆ ಕಡಿಮೆ ನೀರು ಸಾಕಾಗೋ ಹಡಗುಗಳನ್ನ ಹಗಲು ಹೊತ್ತಲ್ಲಿ ಮೊದಲು ಬಿಡುತ್ತಾರೆ.

ಇದನ್ನ ಚೆನ್ನಾಗಿ ನೋಡಬೇಕಂದರೆ ಅಮೆರಿಕದ ಬಾಲ್ಟಿಮೋರ್. 2024ರ ಮಾರ್ಚ್ 26ರ ಬೆಳಗಿನ ಜಾವ ಡಾಲಿ ಅನ್ನೋ ಕಂಟೇನರ್ ಹಡಗು ವಿದ್ಯುತ್ ಹೋಗಿ ಸೇತುವೆ ಕಂಬಕ್ಕೆ ಗುದ್ದಿತು, ಸೇತುವೆ ಕುಸಿದು ಮೇಲೆ ಕೆಲಸ ಮಾಡ್ತಿದ್ದ ಆರು ಜನ ಸತ್ತರು. ಬಂದರಿಗೆ ಏನೂ ಆಗಿರಲಿಲ್ಲ, ಬಾಗಿಲಿಗೆ ಮಾತ್ರ ಸುಮಾರು 50,000 ಟನ್ ಉಕ್ಕು-ಕಾಂಕ್ರೀಟ್ ಬಿದ್ದಿತ್ತು. ಪೂರ್ತಿ ತೆಗೆದ ಮೇಲೆ ತೆರೀತೀವಿ ಅಂತ ಅವರು ಕೂರಲಿಲ್ಲ. ಪಕ್ಕದಲ್ಲಿ 11 ಅಡಿ ಆಳದ ದಾರಿ, ಆಮೇಲೆ 14 ಅಡಿಯದು, ಆಮೇಲೆ 20, ಏಪ್ರಿಲ್ ಕೊನೆಗೆ 35 ಅಡಿ. ಮೊದಲು ಟಗ್ಗು-ಬಾರ್ಜು, ಆಮೇಲೆ ಸಣ್ಣ ಹಡಗು, ಆಮೇಲೆ ದೊಡ್ಡದು. 700 ಅಡಿ ಅಗಲ, 50 ಅಡಿ ಆಳದ ಪೂರ್ತಿ ಕಾಲುವೆ ತೆರೆದದ್ದು ಜೂನ್ 10ಕ್ಕೆ. ಸೇತುವೆಯ ಹೊರಮಗ್ಗುಲಲ್ಲಿದ್ದ ಒಂದು ಟರ್ಮಿನಲ್‌ಗೆ ದಾರಿ ಕಟ್ಟಿರಲಿಲ್ಲವಾದ್ದರಿಂದ ಕಾರುಗಳನ್ನ ಅಲ್ಲಿ ಇಳಿಸಿದರು.

ನಮ್ಮ ಟಿಬಿ (ತುಂಗಭದ್ರಾ) ಡ್ಯಾಮಿನ 19ನೇ ಗೇಟ್ ನೆನಪಿದೆಯಲ್ಲ, ಅದೇ ವರ್ಷ ಆಗಸ್ಟ್‌ನಲ್ಲಿ ಚೈನ್ ಕಡಿದು ಕೊಚ್ಚಿಹೋದದ್ದು. ಹೊಸ ಗೇಟ್ ಬರೋವರೆಗೂ ಕಾಯದೆ ಹರಿಯೋ ನೀರಲ್ಲೇ ತುಂಡು ತುಂಡಾಗಿ ಸ್ಟಾಪ್‌ಲಾಗ್ (ತಾತ್ಕಾಲಿಕ ಉಕ್ಕಿನ ತಡೆ) ಇಳಿಸಿ ವಾರದಲ್ಲಿ ನೀರು ನಿಲ್ಲಿಸಿದರು. ಕಸುಬು ಬೇರೆ, ಬುದ್ಧಿ ಒಂದೇ.

ರಾಯಚೂರು_ಹತ್ತಿ

ಬ್ಯಾರೆ ಬಂದರಿನ ಪ್ರಶ್ನೆಗೆ ನಾ ಹೇಳ್ತೀನ್ರಿ. ಚೆನ್ನೈ ಮುಚ್ಚಿದ್ರ ಎಣ್ಣೂರಿಗೋ ಕಾಟುಪಳ್ಳಿಗೋ ಹೊಳ್ಳಿಸೋಣ ಅಂತ ಎಲ್ಲಾರೂ ಓಡ್ತಾರ. ಅವೆರಡೂ ಚೆನ್ನೈ ಮಗ್ಗಲಕ್ಕೇ ಅವ. ಒಂದು ಚಂಡಮಾರುತಕ್ಕ ಮೂರೂ ಮುಚ್ತಾವ. ಒಂದೇ ಹಗೇವಿನಾಗ ಮೂರು ಚೀಲ ಇಟ್ಟಂಗ, ನೀರು ಹೊಕ್ಕರ ಮೂರೂ ಹೋದವು.

ನಮ್ಮ ಸೀಮೆಗೆ ಒಂದು ಅನುಕೂಲ ಅದ, ಬಾಳ ಮಂದಿ ಅದನ್ನ ಬಳಸಂಗಿಲ್ಲ. ನಾವು ಎರಡು ಸಮುದ್ರದ ನಡುವ ಇದ್ದೀವಿ. ಪೂರ್ವಕ್ಕ ಅಕ್ಟೋಬರ್‌ದಿಂದ ಡಿಸೆಂಬರ್ ಅಪಾಯ. ಪಶ್ಚಿಮಕ್ಕ ಮೇ-ಜೂನ್‌ದಿಂದ ಸೆಪ್ಟೆಂಬರ್ ತನಕ ಮುಂಗಾರು ಅಲೆ, 2021ರ ಮೇದಾಗ ತೌಕ್ತೆ ಬಂದಿದ್ದೂ ಆ ಕಡೆನೇ. ಎರಡೂ ಒಮ್ಮೆಲೆ ಕೆಡೋದು ಅಪರೂಪ. ಹತ್ತಿ ಸುಗ್ಗಿಯಾಗ ಮೂರನೇ ಒಂದು ಭಾಗದ ಬುಕಿಂಗ್ ಮುಂಬೈ ಕಡೆಯ ನ್ಹಾವಾ ಶೇವಾಕ್ಕೋ ಮಂಗಳೂರಿಗೋ ಮೊದಲ ಮಾಡಿಡೋದು ಚಲೋ. ಬಾಡಿಗಿ ಹೆಚ್ಚು ಬೀಳ್ತದ, ಖರೆ. ಆದ್ರ ಗಾಳಿ ಎದ್ದ ಮ್ಯಾಲ ಹೋಗಿ ಕೇಳಿದ್ರ ಖಾಲಿ ಕಂಟೇನರ್ರೂ ಸಿಗಂಗಿಲ್ಲ, ಹಡಗಿನಾಗ ಜಾಗನೂ ಸಿಗಂಗಿಲ್ಲ. 170 ಕೆ.ಜಿ.ಯ ಹತ್ತಿ ಬೇಲ್ (ಒತ್ತಿದ ಮೂಟೆ) 40 ಅಡಿ ಉದ್ದದ, ಎತ್ತರ ಹೆಚ್ಚಿರೋ ಕಂಟೇನರ್‌ನಾಗ 150ರ ಸುತ್ತಮುತ್ತ ಹಿಡೀತಾವ. ಆ ಅಳತಿ ಕಂಟೇನರ್ ಎಲ್ಲಾ ಡಿಪೋದಾಗ ಇರಂಗಿಲ್ಲ, ಮೊದಲ ಕೇಳಿಡ್ರಿ.

ಪಶ್ಚಿಮಕ್ಕ ಹೋಗುವಾಗ ಘಾಟ್ ನೆಪ್ಪಿರ್ಲಿ. ಸಕಲೇಶಪುರ-ಸುಬ್ರಹ್ಮಣ್ಯ ನಡುವ 2024ರ ಜುಲೈದಾಗ ಗುಡ್ಡ ಕುಸಿದು ರೈಲು ನಿಂತಿದ್ವು. ಬಂದರು ತೆರೆದಿದ್ದು, ಹಾದಿ ಮುಚ್ಚಿದ್ರ ನಮಗ ಅದೂ ಮುಚ್ಚಿದಂಗನ.

ತೋರಣಗಲ್ಲು_ಕೋಕ್

ಘಾಟ್ ಮಾತು ಬಂತು, ಆಮದು ಕಡೆಯದ್ದೂ ಸ್ವಲ್ಪ. ಉಕ್ಕಿನ ಕಾರ್ಖಾನೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ಹೊರದೇಶದಿಂದ ಬರಬೇಕು. ಗೋವಾದ ಮುರ್ಮುಗೋವಾದಿಂದ ರೈಲು ಕುಳೆಂ-ಕ್ಯಾಸಲ್‌ರಾಕ್ ಘಾಟ್ ಹತ್ತಬೇಕು. ಏರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ತುಂಬಿದ ರೇಕಿಗೆ (ಪೂರ್ತಿ ಗೂಡ್ಸ್ ರೈಲಿಗೆ) ಹಿಂದಿನಿಂದ ತಳ್ಳೋ ಎಂಜಿನ್‌ಗಳು ಬೇಕು. 2024ರ ಆಗಸ್ಟ್‌ನಲ್ಲಿ ದೂಧ್‌ಸಾಗರ್ ಹತ್ತಿರ ಕಲ್ಲಿದ್ದಲು ಗೂಡ್ಸ್ ಹಳಿ ತಪ್ಪಿದಾಗ ಈ ದಾರಿಯೇ ಕಟ್ಟಿತ್ತು.

ಲೆಕ್ಕ ನೋಡಿ. ದಿನಕ್ಕೆ 10,000 ಟನ್ ಬಿಸಿ ಕಬ್ಬಿಣ ಇಳಿಸೋ ಕುಲುಮೆ ಅಂದುಕೊಳ್ಳಿ. ಟನ್ನಿಗೆ ಸುಮಾರು 400 ಕೆ.ಜಿ. ಕೋಕ್, ಅಂದರೆ 4,000 ಟನ್. ಒಂದು ಟನ್ ಕಲ್ಲಿದ್ದಲು ಗಾಳಿಯಾಡದ ಒಲೆಯಲ್ಲಿ ಬೇಯಿಸಿದರೆ ಮುಕ್ಕಾಲು ಟನ್ ಕೋಕ್ ಸಿಗುತ್ತೆ, ಹಾಗಾಗಿ 5,300 ಟನ್ ಕಲ್ಲಿದ್ದಲು. ಜೊತೆಗೆ ಕುಲುಮೆಗೆ ನೇರ ಊದೋ ಪುಡಿ ಕಲ್ಲಿದ್ದಲು ಟನ್ನಿಗೆ 150 ಕೆ.ಜಿ. ಹಿಡಿದರೆ 1,500. ಒಟ್ಟು 6,800 ಟನ್. ಒಂದು ರೇಕಿಗೆ 58-59 ವ್ಯಾಗನ್, 3,800 ಟನ್ ಹತ್ತಿರ. ದಿನಕ್ಕೆ ಎರಡು ರೇಕಿಗೆ ಸ್ವಲ್ಪ ಕಮ್ಮಿ. 75,000 ಟನ್ನಿನ ಒಂದು ಹಡಗು ಹನ್ನೊಂದು ದಿನಕ್ಕೆ ಆಯಿತು. ಒಂದು ಹಡಗು ಹತ್ತು ದಿನ ತಡವಾದರೆ ಏನಾಗುತ್ತೆ ಅಂತ ಇದರಿಂದಲೇ ತಿಳಿಯಿರಿ.

ಕಲ್ಲಿದ್ದಲು ಕಮ್ಮಿಯಾದರೆ ಕೋಕ್ ಒಲೆ ಆರಿಸೋಕಾಗಲ್ಲ. ಒಳಗೋಡೆ ಸಿಲಿಕಾ ಇಟ್ಟಿಗೆ, ತಣ್ಣಗಾದರೆ ಬಿರುಕು ಬಿಡುತ್ತೆ, ಆ ಒಲೆ ಮತ್ತೆ ಮೊದಲಿನಂತಾಗಲ್ಲ. ಅದಕ್ಕೆ ಬೇಯಿಸೋ ಹೊತ್ತನ್ನೇ ಎಳೆಯುತ್ತಾರೆ. 18ರಿಂದ 24 ಗಂಟೆಯಲ್ಲಿ ಆಗೋದನ್ನ 30 ಗಂಟೆ ದಾಟಿಸಿ, ಒಲೆ ಬಿಸಿ ಉಳಿಸಿಕೊಂಡು, ಉತ್ಪಾದನೆ ಇಳಿಸೋದು. ಕುಲುಮೆಗೂ ಹಾಗೇ ಗಾಳಿ ತಗ್ಗಿಸಿ ಓಡಿಸುತ್ತಾರೆ.

ಹಾಗಾದರೆ ಬಂದರಲ್ಲೇ ಮೂರು ತಿಂಗಳದ್ದು ರಾಶಿ ಹಾಕಿಡೋಣ ಅಂದರೆ ಅದೂ ಬರಲ್ಲ. ರಾಶಿಯೊಳಗೆ ಗಾಳಿ ಹೊಕ್ಕು ಕಲ್ಲಿದ್ದಲು ತಾನೇ ಬಿಸಿಯಾಗುತ್ತೆ. ಹೊಗೆ ಕಾಣೋಕೆ ಮೊದಲೇ ಗುಣ ಕೆಟ್ಟಿರುತ್ತೆ: ಬೆಂದು ಉಬ್ಬಿ ಗಟ್ಟಿಯಾಗಿ ಕೂಡೋ ಶಕ್ತಿ ಹೋದರೆ ಅದು ಬರೀ ಉರುವಲು. ರಾಶಿಯನ್ನ ಪದರ ಪದರವಾಗಿ ಹರಡಿ, ಮೇಲೆ ಬುಲ್ಡೋಜರ್ ಓಡಿಸಿ ಒತ್ತಬೇಕು, ಹಳೇದನ್ನ ಮೊದಲು ಎತ್ತಬೇಕು.

ಕಾಯೋ ಹಡಗಿನ ದುಡ್ಡು ಇನ್ನೊಂದು. ಹಡಗು ಬಂದು "ನಾನು ತಯಾರು" ಅಂತ ನೋಟಿಸ್ ಕೊಟ್ಟ ಮೇಲೆ ಕರಾರಿನ ಪ್ರಕಾರ ಇಳಿಸೋ ಸಮಯ ಓಡೋಕೆ ಶುರು. ಕರಾರಲ್ಲಿ "ಹವಾಮಾನ ಅನುಕೂಲವಿದ್ದ ದಿನ" ಅಂತಿದ್ದರೆ ಚಂಡಮಾರುತದ ದಿನ ಎಣಿಕೆಗೆ ಬರಲ್ಲ. ಆದರೆ ಒಮ್ಮೆ ಸಮಯ ಮೀರಿ ಡಿಮರೇಜ್ (ಹಡಗು ಕಾಯಿಸಿದ್ದಕ್ಕೆ ದಿನದ ಲೆಕ್ಕದ ಹಣ) ಶುರುವಾಯಿತೋ, ಆಮೇಲೆ ಗಾಳಿ ಬರಲಿ ಮಳೆ ಬರಲಿ, ಕರಾರಲ್ಲಿ ಬೇರೆ ಬರೆದಿಲ್ಲದಿದ್ದರೆ ಮೀಟರ್ ನಿಲ್ಲಲ್ಲ.

ಸಿರುಗುಪ್ಪ_ಟ್ರೇಲರ್

ಗಂಗಾವತಿ ಸಾವ್ಕಾರ್ರೆ, ತುಂಬಬೇಕೋ ಇಟ್ಕೊಬೇಕೋ ಅಂದ್ರಲ್ಲ. ಇಟ್ಕೊಳ್ರಿ. ಅಕ್ಕಿ ಗೋದಾಮಿನಾಗೆ ಚೀಲದಾಗೆ ಇದ್ರೆ ದಿನಕ್ಕೆ ಖರ್ಚು ಕಮ್ಮಿ. ಕಂಟೇನರ್‌ನಾಗೆ ಹೋತು ಅಂದ್ರೆ ಮೂರು ಮೀಟರ್ ಒಟ್ಟಿಗೆ ಓಡ್ತವೆ: ಡಿಪೋದಿಂದ ಖಾಲಿ ಎತ್ತಿದ ದಿನದಿಂದ ಹಡಗು ಲೈನ್‌ನವರ ಡಿಟೆನ್ಶನ್ (ಅವರ ಕಂಟೇನರ್ ಹೆಚ್ಚು ದಿನ ಇಟ್ಕೊಂಡಿದ್ದಕ್ಕೆ ಹಣ) ಲೆಕ್ಕ, ಅಂಗಳದಾಗೆ ನೆಲಬಾಡಿಗೆ, ರಸ್ತೆಯಾಗೆ ನಿಂತ್ರೆ ನಮ್ಮ ಟ್ರೇಲರ್ ಹಾಲ್ಟಿಂಗ್. ಫ್ರೀ ದಿನ ಎಷ್ಟು ಅಂತ ಬುಕಿಂಗ್ ಮಾಡೋವಾಗಲೇ ಬರೆಸ್ಕೊಳ್ರಿ, ಬಂದರು ಮುಚ್ಚಿದ ಮೇಲೆ ಕೇಳಿದ್ರೆ ಯಾರೂ ಕೊಡಲ್ಲ. 2020ರ ಲಾಕ್‌ಡೌನ್‌ನಾಗೆ ಮಾರ್ಚ್ 22ರಿಂದ ಡಿಟೆನ್ಶನ್ ಹಾಕ್ಬೇಡ್ರಿ ಅಂತ ಸರ್ಕಾರ ಹಡಗು ಕಂಪನಿಗಳಿಗೆ ಹೇಳಿತ್ತು. ಎಲ್ಲಾ ಸಲ ಹಂಗೆ ಹೇಳ್ತಾರೆ ಅಂತ ನಂಬ್ಕೊಂಡು ಕೂಡಬೇಡ್ರಿ.

ಬಂದರು ತೆರೀತು ಅನ್ನೋ ಸುದ್ದಿಗೆ ಗಾಡಿ ಬಿಡಬೇಡ್ರಿ. ನಿಮ್ಮ ಹಡಗಿನ ಹೊಸ ತಾರೀಖು, ಗೇಟು ಯಾವಾಗಿಂದ ಯಾವಾಗಿನ ತನಕ ತಗೊಂತಾರೆ, ಇವೆರಡು ಕೈಗೆ ಬಂದ ಮೇಲೆ ತುಂಬ್ರಿ. ಹಮಾಲರು ಇದ್ರೆ 25 ಕೆ.ಜಿ. ಚೀಲ 1,040, ಅಂದ್ರೆ 26 ಟನ್, ಒಂದು 20 ಅಡಿ ಕಂಟೇನರ್ ತುಂಬೋಕೆ ಅರ್ಧ ದಿನ ಸಾಕು. ಚೆನ್ನೈ ದಾರಿ 500 ಕಿ.ಮೀ.ಗಿಂತ ಜಾಸ್ತಿ.

ಸೋನಾಮಸೂರಿ_ಗಂಗಾವತಿ

ತುಂಬಿ ಕಳಿಸಿದ್ದು ಆಗ್ಲೇ ಅಲ್ಲಿ ಸಿಕ್ಕಿತ್ತಂದ್ರ ಅಕ್ಕಿಗೆ ಏನಾಗ್ತೈತಿ?

ರಾಯಚೂರು_ಹತ್ತಿ

ಬೆವರ್ತದ. ಹಗಲು ಬಿಸಲಿಗೆ ಕಂಟೇನರ್ ಕಾಯ್ತದ, ಅಕ್ಕಿಯೊಳಗಿನ ತೇವ ಆವಿ ಆಗಿ ಮ್ಯಾಲ ಏರ್ತದ, ರಾತ್ರಿ ತಗಡು ತಣ್ಣಗಾದ್ರ ಚಾವಣಿಗೆ ಹನಿ ಕಟ್ಟಿ ಮ್ಯಾಲಿನ ಸಾಲಿನ ಚೀಲದ ಮ್ಯಾಲ ಬೀಳ್ತದ. ಮೂರು ವಾರ ದಿನಾ ಹಿಂಗಾದ್ರ ಮ್ಯಾಲಿನ ಎರಡು ಸಾಲು ಬೂಷ್ಟು. ತೇವ ಶೇಕಡಾ 14ರ ಮ್ಯಾಲಿದ್ದ ಅಕ್ಕಿ ತುಂಬಲೇಬ್ಯಾಡ್ರಿ, 13ರ ಒಳಗಿದ್ರ ಚಲೋ. ಒಳಗ ನಾಲ್ಕೂ ಕಡಿ ಕ್ರಾಫ್ಟ್ ಕಾಗದ, ಮ್ಯಾಲಿನ ಚೀಲಗಳಿಗೂ ಹೊದಿಸ್ರಿ. ತೇವ ಹೀರೋ ಚೀಲ 20 ಅಡಿಗೆ 1 ಕೆ.ಜಿ.ಯವು ಆರೆಂಟು ತೂಗಹಾಕ್ರಿ. ತುಂಬೋಕಿನ್ನ ಮೊದಲು ಒಳಗ ಹೋಗಿ ಬಾಗಿಲು ಹಾಕಿಸ್ಕೊಂಡು ನೋಡ್ರಿ, ಚುಕ್ಕಿಯಷ್ಟು ಬೆಳಕು ಕಂಡ್ರೂ ಆ ಕಂಟೇನರ್ ವಾಪಸ್ ಕಳಿಸ್ರಿ.

ಯುರೋಪ್, ಅಮೆರಿಕದ ಪೂರ್ವ ತೀರಕ್ಕ ಹೋಗೋದಿದ್ರ ಇದು ಇನ್ನೂ ಮುಖ್ಯ. 2023ರ ನವೆಂಬರ್‌ದಾಗ ಕೆಂಪು ಸಮುದ್ರದೊಳಗ ಹಡಗುಗಳ ಮ್ಯಾಲ ದಾಳಿ ಶುರು ಆದ ಮ್ಯಾಲ ಬಾಳ ಹಡಗು ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋದ್ವು, ಹತ್ತರಿಂದ ಹದಿನಾಲ್ಕು ದಿನ ಹೆಚ್ಚು. ಹಡಗು ಸಮುದ್ರದಾಗ ಹೆಚ್ಚು ದಿನ ಇದ್ದಂಗ ಕಂಟೇನರ್ ವಾಪಸ್ ಬರೋದೂ ತಡ. ಇಲ್ಲಿ ಡಿಪೋದಾಗ ಖಾಲಿ ಸಿಗಂಗಿಲ್ಲ ಅನ್ನೋದಕ್ಕ ಮೂಲ ಅಲ್ಲಿ ಅದ.

ಕಸ್ಟಮ್ಸ್_ಕಾಗದ (ಬಳ್ಳಾರಿ)

ಬಂದರು ಬದಲಿಸೋದು ಲಾರಿ ತಿರುಗಿಸಿದಷ್ಟು ಸಲೀಸಲ್ಲ. ಶಿಪ್ಪಿಂಗ್ ಬಿಲ್ (ರಫ್ತಿಗೆ ಕಸ್ಟಮ್ಸ್‌ಗೆ ಕೊಡೋ ಕಾಗದ) ಒಂದು ಬಂದರಿನ ಕೋಡ್ ಮೇಲೆ ಆಗಿರುತ್ತೆ. ಸರಕು ಇನ್ನೂ ಬಂದರಿನೊಳಗೆ ಹೋಗಿಲ್ಲ ಅಂದರೆ ಅದನ್ನ ರದ್ದು ಮಾಡಿ ಹೊಸ ಬಂದರಿಗೆ ಹೊಸದು ಹಾಕೋದೇ ಬೇಗ. ಒಳಗೆ ಹೋಗಿ ರಫ್ತು ಅನುಮತಿಯೂ ಆಗಿದ್ದರೆ ವಾಪಸ್ ತರೋಕೆ "ಬ್ಯಾಕ್ ಟು ಟೌನ್" ಅಂತ ಕಸ್ಟಮ್ಸ್‌ನಿಂದ ಅನುಮತಿ ಬೇಕು, ಅರ್ಜಿಗೆ ಕಾರಣ ಬರೆದು ಲೈನ್‌ನವರ ಪತ್ರ ಲಗತ್ತಿಸಬೇಕು. ಕಾಗದದಲ್ಲಿ ಸಣ್ಣ ಬದಲಾವಣೆ ಆದರೆ ಕಸ್ಟಮ್ಸ್ ಕಾಯ್ದೆಯ 149ನೇ ಕಲಂ ಕೆಳಗೆ ತಿದ್ದುಪಡಿ. ಮಿಲ್ಲಿನಲ್ಲೇ ಇ-ಸೀಲ್ (ಎಲೆಕ್ಟ್ರಾನಿಕ್ ಮೊಹರು) ಹಾಕಿದ ಕಂಟೇನರ್ ನಡುವೆ ತೆರೆದರೆ ಆ ಸೀಲ್ ಸತ್ತಂತೆ. ಹೊಸದು ಹಾಕಿ ವಿವರ ಮತ್ತೆ ಏರಿಸಬೇಕು.

ಕಂಪ್ಯೂಟರ್ ಕೆಡೋ ತೊಂದರೆ ಯಾರೂ ಎತ್ತಲಿಲ್ಲ. ಗಾಳಿ ಇಲ್ಲ, ಮಳೆ ಇಲ್ಲ, ಕ್ರೇನ್ ಸರಿ ಇದೆ, ಆದರೂ ಬಂದರು ನಿಲ್ಲುತ್ತೆ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಅನ್ನೋ ವೈರಸ್ ಮಾರ್ಸ್ಕ್ ಕಂಪನಿಗೆ ಬಡಿದಾಗ ನ್ಹಾವಾ ಶೇವಾದ ಒಂದು ಟರ್ಮಿನಲ್ ಸಹ ಕೈಕೆಲಸಕ್ಕೆ ಇಳಿಯಿತು. ಹತ್ತು ದಿನದಲ್ಲಿ 4,000 ಸರ್ವರ್, 45,000 ಕಂಪ್ಯೂಟರ್ ಹೊಸದಾಗಿ ಕಟ್ಟಿದರು. ಅದೂ ಹೇಗೆ? ಯಾವ ಕಂಪ್ಯೂಟರ್ ಯಾರದು ಅಂತ ಗುರುತಿಟ್ಟುಕೊಳ್ಳೋ ಮೂಲ ಸರ್ವರ್‌ಗಳೆಲ್ಲ ಅಳಿಸಿಹೋಗಿದ್ದವು. ಘಾನಾ ದೇಶದಲ್ಲಿ ಕರೆಂಟ್ ಹೋಗಿದ್ದರಿಂದ ಅಲ್ಲಿಯದೊಂದು ಮಾತ್ರ ಉಳಿದಿತ್ತು. ಕರೆಂಟ್ ಹೋದರೆ ಬೈಯೋ ನಮಗೆ ಇದೊಂದು ಸಮಾಧಾನ. 2023ರ ಜುಲೈನಲ್ಲಿ ಜಪಾನಿನ ನಗೋಯಾ, ಅದೇ ವರ್ಷ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ನಾಲ್ಕು ಬಂದರು ಇಂಥದೇ ಕಂಪ್ಯೂಟರ್ ದಾಳಿಗೆ ಸಿಕ್ಕವು. ಆಸ್ಟ್ರೇಲಿಯಾದವರು ಗೊತ್ತಾದ ಕೂಡಲೇ ಇಂಟರ್‌ನೆಟ್ ಕಿತ್ತರು. ಹಡಗಿಂದ ಇಳಿಸೋದು ನಡೀತಿತ್ತು, ಲಾರಿಗೆ ಕೊಡೋದು ನಿಂತಿತ್ತು. ಮೂರು ದಿನದಲ್ಲಿ ಸುಮಾರು 30,000 ಕಂಟೇನರ್ ಅಂಗಳದಲ್ಲಿ ಗುಡ್ಡೆ.

ಅಂಥ ದಿನ ಗೇಟಲ್ಲಿ ಎಲ್ಲ ಕೈಬರಹ. ಡ್ರೈವರ್ ಕೈಯಲ್ಲಿ ಕಾಗದದ ಮೇಲೆ ಇವು ಇರಲಿ: ಬುಕಿಂಗ್ ಸಂಖ್ಯೆ, ಕಂಟೇನರ್ ಸಂಖ್ಯೆ, ಸೀಲ್ ಸಂಖ್ಯೆ, ತೂಕದ ಚೀಟಿ, ಶಿಪ್ಪಿಂಗ್ ಬಿಲ್ ಪ್ರತಿ. ತೂಕದ ಚೀಟಿ ಇಲ್ಲದೆ ಕಂಟೇನರ್ ಹಡಗು ಹತ್ತಲ್ಲ, 2016ರ ಜುಲೈ 1ರಿಂದ ಜಗತ್ತಿಗೆಲ್ಲ ಅದೇ ನಿಯಮ.

ಕೊಪ್ಪಳ_ವಿಮೆ

ವಿಮೆ ಇದೆಯಲ್ಲ ಅಂತ ನಿಶ್ಚಿಂತೆಯಿಂದ ಇರುವವರಿಗೆ. ಸಮುದ್ರ ಸರಕು ವಿಮೆಯಲ್ಲಿ ಅತಿ ಅಗಲದ ಪಾಲಿಸಿ ಅನ್ನೋ ಇನ್‌ಸ್ಟಿಟ್ಯೂಟ್ ಕಾರ್ಗೊ ‘ಎ’ ಕಲಮುಗಳಲ್ಲೂ 4.5ನೇ ಉಪಕಲಂ ಓದಿ: ತಡದಿಂದ ಆದ ನಷ್ಟ ಹೊರಗೆ, ಆ ತಡ ವಿಮೆಯಲ್ಲಿರೋ ಕಾರಣದಿಂದಲೇ ಆಗಿದ್ದರೂ ಹೊರಗೆ. ಬಂದರಿನ ಅಂಗಳಕ್ಕೆ ಸಮುದ್ರದ ನೀರು ನುಗ್ಗಿ ಅಕ್ಕಿ ತೊಯ್ದರೆ ಸಿಗುತ್ತೆ. ಮೂರು ವಾರ ನಿಂತು ಬೂಷ್ಟು ಹಿಡಿದರೆ, ತಡವೇ ಕಾರಣ ಅಂತ ತಳ್ಳಿಹಾಕುತ್ತಾರೆ. ಯುದ್ಧ, ಮುಷ್ಕರ ಎರಡಕ್ಕೂ ಬೇರೆ ಕಲಮು ಕೊಳ್ಳಬೇಕು.

‘ಜನರಲ್ ಆವರೇಜ್’ ಬಗ್ಗೆ ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಹಡಗನ್ನ ಉಳಿಸೋಕೆ ಮಾಡಿದ ಅಸಾಧಾರಣ ಖರ್ಚನ್ನ ಹಡಗಿನವರು ಮತ್ತು ಒಳಗಿರೋ ಸರಕಿನವರು ಎಲ್ಲ ಬೆಲೆಯ ಪ್ರಮಾಣಕ್ಕೆ ಹಂಚಿಕೊಳ್ಳಬೇಕು. ನಿಮ್ಮ ಸರಕಿಗೆ ಗೀರೂ ಬಿದ್ದಿರದಿದ್ದರೂ ಪಾಲು ಇದ್ದೇ ಇದೆ. 2021ರ ಮಾರ್ಚ್ 23ರಂದು ಸೂಯೆಜ್‌ನಲ್ಲಿ ಅಡ್ಡ ಸಿಕ್ಕಿದ 400 ಮೀಟರ್ ಉದ್ದದ ಎವರ್ ಗಿವನ್ ಆರು ದಿನಕ್ಕೆ ಬಿಡುಗಡೆಯಾಯಿತು. ಆಮೇಲೆ ಪರಿಹಾರದ ಜಗಳದಲ್ಲಿ ಜುಲೈ 7ರವರೆಗೆ ಅಲ್ಲೇ ತಡೆಹಿಡಿದರು, ಸರಕೂ ಅದರೊಳಗೇ. ಅದಕ್ಕೂ ಜನರಲ್ ಆವರೇಜ್, ಬಾಲ್ಟಿಮೋರ್‌ನ ಡಾಲಿಗೂ ಅದೇ. ವಿಮೆ ಇದ್ದರೆ ವಿಮೆ ಕಂಪನಿ ಗ್ಯಾರಂಟಿ ಪತ್ರ ಕೊಡುತ್ತೆ. ಇಲ್ಲದಿದ್ದರೆ ನಗದು ಠೇವಣಿ ಇಟ್ಟ ಮೇಲೆಯೇ ಕಂಟೇನರ್ ಬಿಡೋದು.

ಎಫ್‌ಒಬಿ ಚೆನ್ನೈ ಅಂತ ಮಾರಿದರೆ ಸರಕು ಹಡಗಿಗೆ ಏರೋವರೆಗೂ ಜವಾಬ್ದಾರಿ ನಿಮ್ಮದು. ಅಂಗಳದಲ್ಲಿ ನಿಂತ ಮೂರು ವಾರವೂ ನಿಮ್ಮ ತಲೆ ಮೇಲೆ. ಕಂಟೇನರ್ ಸರಕಿಗೆ ಎಫ್‌ಸಿಎ (ಸಾಗಣೆದಾರನಿಗೆ ಒಪ್ಪಿಸಿದಲ್ಲಿಗೆ ನಿಮ್ಮ ಜವಾಬ್ದಾರಿ ಮುಗಿಯೋ ಕರಾರು) ಅಂತ ಬರೆಸಿ, ಒಪ್ಪಿಸೋ ಜಾಗದ ಹೆಸರು ಹಾಕಿಸಿ.

ಮಾನ್ವಿ_ಹೊಸಬ

ಎಲ್‌ಸಿ (ಖರೀದಿದಾರನ ಬ್ಯಾಂಕ್ ಕೊಡೋ ಹಣದ ಖಾತ್ರಿ ಪತ್ರ) ಮೇಲೆ ಕೊನೆ ಶಿಪ್‌ಮೆಂಟ್ ತಾರೀಖು ಇದ್ದು ಬಂದರು ಮುಚ್ಚಿದ್ರ? ದೈವಾಧೀನ ಅಂತ ಬ್ಯಾಂಕಿನವರು ಬಿಡ್ತಾರೇನ್ರಿ ಅಕ್ಕಾರ?

ಕಸ್ಟಮ್ಸ್_ಕಾಗದ (ಬಳ್ಳಾರಿ)

ಬಿಡಲ್ಲ ತಮ್ಮಾ. ಎಲ್‌ಸಿಗೆ ಬ್ಯಾಂಕುಗಳು ಪಾಲಿಸೋ ನಿಯಮಾವಳಿ ಯುಸಿಪಿ 600ರ 36ನೇ ಕಲಂ ದೈವಾಧೀನದ ಮಾತಾಡೋದು ಬ್ಯಾಂಕಿನ ಕೆಲಸ ನಿಂತಾಗ ಬ್ಯಾಂಕಿಗೆ ಹೊಣೆಯಿಲ್ಲ ಅಂತ. ಬಂದರು ನಿಂತರೆ ನಿನಗೆ ರಿಯಾಯಿತಿ ಅಂತ ಎಲ್ಲೂ ಇಲ್ಲ. 4ನೇ ನಂಬರ್ ಏರಿದ ದಿನವೇ ಖರೀದಿದಾರನಿಗೆ ಬರೆದು ತಾರೀಖು ತಿದ್ದಿಸು, ಎಲ್‌ಸಿ ತೆರೆದ ಬ್ಯಾಂಕ್ ಒಪ್ಪಬೇಕು. ಎಲ್‌ಸಿಯಲ್ಲಿ ಬೇರೆ ಹೇಳಿಲ್ಲದಿದ್ದರೆ ಶಿಪ್‌ಮೆಂಟ್ ಆದ 21 ದಿನದೊಳಗೆ ಕಾಗದ ಸಲ್ಲಿಸಬೇಕು ಅನ್ನೋದೂ ನೆನಪಿರಲಿ. ಹಿಂದಿನ ತಾರೀಖು ಹಾಕಿ ಬಿಲ್ ಆಫ್ ಲೇಡಿಂಗ್ (ಸರಕು ಹಡಗಿಗೆ ಏರಿದ್ದಕ್ಕೆ ರಸೀದಿ) ಕೊಡ್ತೀವಿ ಅನ್ನೋವರು ಸಿಗ್ತಾರೆ, ಅದು ಮೋಸದ ಕೇಸು, ಹತ್ತಿರ ಹೋಗಬೇಡ.

ಇನ್ನೊಂದು, ಕೈಬರಹದ ದಿನ ಅತಿ ಹೆಚ್ಚು ತಪ್ಪೋದು ಕಂಟೇನರ್ ಸಂಖ್ಯೆ. ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಚೌಕದೊಳಗೆ ಒಂದು ಅಂಕಿ. ಆ ಕೊನೆಯದು ತಾಳೆ ಅಂಕಿ. ಅಕ್ಷರಗಳಿಗೆ ಎ=10, ಬಿ=12, ಸಿ=13 ಹೀಗೆ ಬೆಲೆ, 11, 22, 33 ಬಿಟ್ಟು. ಮೊದಲನೆಯದನ್ನ 1ರಿಂದ, ಎರಡನೆಯದನ್ನ 2ರಿಂದ, ಆಮೇಲೆ 4, 8, 16 ಹೀಗೆ 512ರವರೆಗೆ ಗುಣಿಸಿ ಕೂಡಿಸಬೇಕು. ಮೊತ್ತವನ್ನ 11ರಿಂದ ಭಾಗಿಸಿದಾಗ ಉಳಿಯೋದೇ ತಾಳೆ ಅಂಕಿ. 10 ಉಳಿದರೆ 0. ಉದಾಹರಣೆಗೆ ಸಿಎಸ್‌ಕ್ಯೂಯು 305438: 13, 60, 112, 256, 48, 0, 320, 512, 768, 4096. ಮೊತ್ತ 6185, ಶೇಷ 3. ಕಂಟೇನರ್ ಮೇಲೂ 3 ಇರಬೇಕು.

ಮಾನ್ವಿ_ಹೊಸಬ

ಕೈಯಾಗಿದ್ದ ಒಂದು ಚೀಟಿದು ಹಾಕಿ ನೋಡ್ದೆ ಅಕ್ಕಾರ. 7 ಬರ್ತದ, ಚೀಟಿ ಮ್ಯಾಲ 1 ಅದ.

ಕಸ್ಟಮ್ಸ್_ಕಾಗದ (ಬಳ್ಳಾರಿ)

ಕೈಬರಹದಲ್ಲಿ 1 ಮತ್ತು 7 ಒಂದೇ ಥರ ಕಾಣುತ್ತೆ. ಬಾಗಿಲಿನ ಫೋಟೋ ತರಿಸಿ ನೋಡು, ಆಮೇಲೆ ಗಾಡಿ ಬಿಡು.